ಹೊಸ ಉಪ್ಪುನೀರಿನ ತೊಟ್ಟಿ: ಮೀನು ಏದುಸಿರು ಬಿಟ್ಟರೆ ಏನು ಮಾಡಬೇಕು?

ಹೊಸ ಉಪ್ಪುನೀರಿನ ಅಕ್ವೇರಿಯಂನಲ್ಲಿ ಕ್ಲೌನ್ ಮೀನು ಮೇಲೆ ಬಂದು ಏದುಸಿರು ಬಿಡ್ತಿದ್ರೆ ಔಷಧಿಗೆ ಕೈ ಹಾಕಬೇಡಿ. ಮೊದಲು ಅಮೋನಿಯಾ ಪರೀಕ್ಷಿಸಿ ಅಂತಲೇ ನಾನು ಹೇಳೋದು.

ಮಣ್ಣಿನಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವಂಥ ಬ್ಯಾಕ್ಟೀರಿಯಾಗಳೇ ತೊಟ್ಟಿಯಲ್ಲೂ ಬೇಕು. ಅವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮೀನು ಹೊರಹಾಕಿದ್ದೇ ಮೀನಿಗೆ ವಿಷ.

ಪಿಎಚ್ 8.1ಕ್ಕಿಂತ ಕಡಿಮೆ ಇದೆಯೆಂದು ತಕ್ಷಣ ಏರಿಸಬೇಡಿ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚುತ್ತದೆ.

ಈಗ ಮಾಡಬೇಕಾದ್ದು:

- ಕಾಲುಭಾಗ ನೀರು ಬದಲಿಸಿ. ಹೊಸ ನೀರಿನ ಉಪ್ಪಿನಂಶ, ಬಿಸಿ ಎರಡೂ ತೊಟ್ಟಿಯದಕ್ಕೆ ಹೊಂದಿರಲಿ.
- ಒಂದು ದಿನ ಆಹಾರ ನಿಲ್ಲಿಸಿ, ಏರ್ ಪಂಪ್ ಜೋರು ಮಾಡಿ.
- ಫಿಲ್ಟರ್ ಸ್ಪಂಜನ್ನು ನಲ್ಲಿನೀರಲ್ಲಿ ತೊಳೀಬೇಡಿ. ಕ್ಲೋರಿನ್ ಬ್ಯಾಕ್ಟೀರಿಯಾ ಕೊಲ್ಲುತ್ತೆ.
- ಆವಿಯಾದಷ್ಟಕ್ಕೆ ಕ್ಲೋರಿನ್ ಇಲ್ಲದ ಸಿಹಿನೀರನ್ನೇ ಸೇರಿಸಿ; ಉಪ್ಪು ಆವಿಯಾಗಲ್ಲ.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಹೊಸ ಮೀನು ತರಲೇಬೇಡಿ.