ಊರಿಗೆ ಹೋಗುವಾಗ ದಾರಿಯ ಸಂತೆ



ಉಪ್ಪಲ್‌ನಿಂದ ವರ್ಷಕ್ಕೊಮ್ಮೆ ಮನೆಯವರೊಂದಿಗೆ ಟೆಂಪೋ ಟ್ರಾವೆಲರ್‌ನಲ್ಲಿ ಉಡುಪಿಗೆ ಹೊರಡುತ್ತೇನೆ. ಹಾಸಿಗೆ, ಗ್ಯಾಸ್ ಒಲೆ, ಪಾತ್ರೆ ಎಲ್ಲಾ ಗಾಡಿಯಲ್ಲೇ. ದಾರಿಯಲ್ಲಿ ಸಂತೆ ಕಂಡರೆ ನಿಲ್ಲಿಸುತ್ತೇವೆ.

ಒಮ್ಮೆ ಬರೀ ಬಣ್ಣ ನೋಡಿ ಬ್ಯಾಡಗಿ ಎಂದು 10 ಕೆ.ಜಿ. ಮೆಣಸಿನಕಾಯಿ ತಂದೆ. ಖಾರದ ಬೇರೆ ತಳಿ ಬೆರೆತಿತ್ತು. ಸಾಂಬಾರ್ ಬಾಯಿಗಿಡಲಾಗದೆ ಹಳೆಯ ಗಿರಾಕಿಗಳೇ ಎದ್ದು ಹೋದರು. ಆ ಪೆಟ್ಟಿನಿಂದ ಕಲಿತದ್ದು ಇಷ್ಟು:

1. ಬ್ಯಾಡಗಿ ಕಾಯಿಗೆ ಸುಕ್ಕು ಇರಬೇಕು. ಡಬ್ಬಿ ಗಿಡ್ಡ, ದಪ್ಪ, ಬಣ್ಣ ಹೆಚ್ಚು, ಖಾರ ಕಡಿಮೆ. ಕಡ್ಡಿ ಉದ್ದ, ತೆಳು. ಚೀಲದ ಬಾಯಲ್ಲಿ ಮಾತ್ರವಲ್ಲ, ತಳದಿಂದಲೂ ಕಾಯಿ ತೆಗೆದು ನೋಡಿ.

2. ಮೊದಲು ಕಾಲು ಕಿಲೋ ಕೊಳ್ಳಿ. ಗಾಡಿಯ ಒಲೆಯಲ್ಲೇ ಹುರಿದು, ಪುಡಿ ಮಾಡಿ, ಸಾರು ಕುದಿಸಿ ರುಚಿ ನೋಡಿ. ಮೂಟೆಯ ಮಾತು ಆಮೇಲೆ.

3. ಬ್ಯಾಡಗಿ ಮಾರುಕಟ್ಟೆಯ ದಿನಗಳು ಸೋಮವಾರ, ಗುರುವಾರ. ಪ್ರಯಾಣ ಅದಕ್ಕೆ ಹೊಂದಿಸಿಕೊಳ್ಳಿ.

4. ಸೊಪ್ಪು, ಟೊಮೆಟೊ ದೂರದಿಂದ ಹೊತ್ತು ತರಬೇಡಿ, ಬಾಡಿ ಹೋಗುತ್ತದೆ. ಅದಕ್ಕೆ ಹೈದರಾಬಾದಿನಲ್ಲೇ 1999ರಲ್ಲಿ ಶುರುವಾದ ರೈತು ಬಜಾರ್‌ಗಳಿವೆ. ರೈತರೇ ನೇರ ಮಾರುತ್ತಾರೆ, ದಿನದ ದರ ಬೋರ್ಡಿನಲ್ಲಿರುತ್ತದೆ. ಬೆಳಿಗ್ಗೆ ಬೇಗ ಹೋಗಿ.

ಒಳ್ಳೆಯ ಮಾಲು ಕೊಟ್ಟ ರೈತರ ಫೋನ್ ನಂಬರ್ ಬರೆದುಕೊಳ್ಳಿ. ಹತ್ತು ರೂಪಾಯಿ ಉಳಿಸಲು ಹೋಗಿ ಗಿರಾಕಿಯನ್ನು ಕಳೆದುಕೊಳ್ಳಬೇಡಿ.