ಮುಂಚಕ್ರದ ವೇಗಸಂವೇದಕ

ಕಾರಿನ ಮುಂಚಕ್ರದ ವೇಗಸಂವೇದಕ ಕೆಟ್ಟರೆ, ಚಕ್ರ ಕಚ್ಚಿಕೊಳ್ಳದಂತೆ ಕಾಯುವ ಎ.ಬಿ.ಎಸ್. ವ್ಯವಸ್ಥೆ ನಿಂತು ಎಚ್ಚರಿಕೆಯ ದೀಪ ಹೊತ್ತುವುದು. ಬ್ರೇಕೇನೋ ಹಿಡಿಯುವುದು, ಆದರೆ ಒದ್ದೆ ರಸ್ತೆಯಲ್ಲಿ ಚಕ್ರ ಕಚ್ಚಿ ಜಾರಿದರೆ ಕಾರು ಚುಕ್ಕಾಣಿಗೆ ಮಣಿಯದು.

ನಾವು ಹಲವು ಕಾರುಗಳಲ್ಲಿ ಕಾಣುವ ಸಂವೇದಕವು ಕಾಂತ ಮತ್ತು ತಂತಿಸುರುಳಿಗಳ ಜೋಡಿ. ಅದರೆದುರು ಚಕ್ರದೊಡನೆ ಹಲ್ಲುಬಳೆಯೊಂದು ತಿರುಗುತ್ತದೆ. ಹಲ್ಲುಗಳು ಹಾಯ್ದಂತೆ ಕಾಂತಕ್ಷೇತ್ರ ಏರಿಳಿದು, 1831ರಲ್ಲಿ ಫ್ಯಾರಡೆ ಕಂಡ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಮಿಡಿಯುತ್ತದೆ. ಮಿಡಿತಗಳನ್ನೆಣಿಸಿದರೆ ವೇಗ ದೊರೆಯಿತು.

ಇವೆರಡರ ನಡುವಣ ತೆರಪು ಸುಮಾರು 1 ಮಿಲಿಮೀಟರು. ಸಂವೇದಕ ಕೂರುವೆಡೆಯಲ್ಲಿ ತುಕ್ಕುಳಿದರೆ ತೆರಪು ಹಿಗ್ಗಿ ಮಿಡಿತ ಕುಗ್ಗುವುದು. ಚಕ್ರ ನಿಧಾನವಾದಾಗ ಹೊಸ ಸಂವೇದಕವೂ ಕೆಟ್ಟಂತೆ ತೋರುವುದು. ಆದುದರಿಂದ ಕಾರನ್ನು ಗಟ್ಟಿ ಆನಿಕೆಯ ಮೇಲೆ ನಿಲ್ಲಿಸಿ, ಚಕ್ರ ಕಳಚಿ, ಹಳೆಯದನ್ನು ತೆಗೆದೊಡನೆ ತುಕ್ಕನ್ನು ಉಜ್ಜಿ ತೆಗೆಯೋಣ. ಹೊಸದರ ತಂತಿಯನ್ನು ಮೊದಲಿನ ಕೊಕ್ಕೆಗಳಲ್ಲೇ ಸಿಕ್ಕಿಸೋಣ. ಇಲ್ಲವಾದರೆ ಅದು ಚಕ್ರಕ್ಕೆ ತಾಗಿ ಸವೆದೀತು.