ಸ್ವಂತ ಜಲಜನಕ ಘಟಕ: ಉಳಿತಾಯ ಎಲ್ಲಿದೆ?

ಆಭರಣದ ಬೆಸುಗೆ, ಅಕ್ರಿಲಿಕ್ ಹಾಳೆಯ ಅಂಚಿಗೆ ಹೊಳಪು ಕೊಡುವುದು, ಗಾಜಿನ ಆಂಪೂಲ್‌ಗಳ ಬಾಯಿ ಮುಚ್ಚುವುದು ಮೊದಲಾದ ಕೆಲಸಗಳಿಗೆ ಚಿಕ್ಕದಾದ, ಮಸಿಯಿಲ್ಲದ, ತೀಕ್ಷ್ಣ ಜ್ವಾಲೆ ಬೇಕು. ನೀರನ್ನು ವಿದ್ಯುತ್ತಿನಿಂದ ವಿಭಜಿಸಿ ಪಡೆದ ಜಲಜನಕ ಹಾಗೂ ಆಮ್ಲಜನಕಗಳ ಮಿಶ್ರಣ ಇದಕ್ಕೆ ಒದಗುತ್ತದೆ. ಸಿದ್ಧ ಯಂತ್ರದ ಬೆಲೆ ಕೇಳಿದ ಅನೇಕ ಉದ್ಯಮಿಗಳು ತಮ್ಮ ಕಾರ್ಯಾಗಾರದಲ್ಲಿಯೇ ಅದನ್ನು ತಯಾರಿಸಲು ಯೋಚಿಸುವುದು ಸಹಜ. ಆದರೆ ಅವರು ಸಾಮಾನ್ಯವಾಗಿ ಉಳಿತಾಯವನ್ನು ಉಕ್ಕಿನ ತಗಡಿನಲ್ಲಿ ಹುಡುಕುತ್ತಾರೆ. ವೆಚ್ಚ ಸೋರಿಹೋಗುವುದು ವಿದ್ಯುತ್ತಿನಲ್ಲಿ.

ಗಂಟೆಗೆ 100 ಲೀಟರ್ ಮಿಶ್ರ ಅನಿಲ ಕೊಡುವ ಒಂದು ಸಣ್ಣ ಘಟಕವನ್ನು ಪರಿಗಣಿಸಬಹುದು. ಅದರಲ್ಲಿ ಜಲಜನಕದ ಪಾಲು ಸುಮಾರು 67 ಲೀಟರ್, ತೂಕದಲ್ಲಿ ಐದೂವರೆ ಗ್ರಾಂ. ಒಂದು ಗ್ರಾಂ ಜಲಜನಕಕ್ಕೆ 26.6 ಆಂಪಿಯರ್-ಗಂಟೆ ಬೇಕು. ಇದು ಪ್ರಕೃತಿಯ ನಿಯಮ, ಇಲ್ಲಿ ಚೌಕಾಶಿ ನಡೆಯದು. ಅಂದರೆ ಒಂದೇ ಕೋಶದಿಂದ ಈ ಅನಿಲ ಪಡೆಯಲು ಸುಮಾರು 146 ಆಂಪಿಯರ್ ಹರಿಯಬೇಕು. ಕೋಶವೊಂದಕ್ಕೆ ವಾಸ್ತವವಾಗಿ ಬೇಕಾದದ್ದು 2 ವೋಲ್ಟ್ ಮಾತ್ರ. ಅದಕ್ಕೆ ನೇರವಾಗಿ 12 ವೋಲ್ಟ್ ಕೊಟ್ಟರೆ ಉಳಿದ 10 ವೋಲ್ಟ್ ನೀರನ್ನು ಕಾಯಿಸುವುದಕ್ಕೆ ವ್ಯಯವಾಗುತ್ತದೆ: ಒಟ್ಟು ಖರ್ಚು ಗಂಟೆಗೆ 1.75 ಯೂನಿಟ್. ಅದೇ 12 ವೋಲ್ಟಿಗೆ ಆರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 24 ಆಂಪಿಯರ್ ಸಾಕು, ಖರ್ಚು 0.3 ಯೂನಿಟ್‌ನಷ್ಟು. ತಂತಿ ಹಾಗೂ ರೆಕ್ಟಿಫೈಯರ್ ಕೂಡ ಚಿಕ್ಕದಾಗುವುದರಿಂದ ಬಂಡವಾಳವೂ ಇಳಿಯುತ್ತದೆ.

ಎರಡನೆಯ ಉಳಿತಾಯ ದ್ರಾವಣದಲ್ಲಿದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ಗೆ ಬದಲಾಗಿ ಅಗ್ಗದ ಕಾಸ್ಟಿಕ್ ಸೋಡಾ ಬಳಸಬಹುದು. ವಾಹಕತೆ ಸ್ವಲ್ಪ ಕಡಿಮೆಯಾದರೂ ಸಣ್ಣ ಘಟಕಕ್ಕೆ ಅಡ್ಡಿಯಿಲ್ಲ. ಅಡುಗೆ ಉಪ್ಪು ಮಾತ್ರ ಸಲ್ಲದು: ವಿಷಕಾರಿ ಕ್ಲೋರಿನ್ ಹೊರಬರುತ್ತದೆ, ಸ್ಟೇನ್‌ಲೆಸ್ ತಗಡು ತಿಂದುಹೋಗುತ್ತದೆ. ಕೊಳವೆಬಾವಿಯ ನೀರು ಫಲಕಗಳ ಮೇಲೆ ಸುಣ್ಣದ ಪದರ ಕೂರಿಸಿ ವೋಲ್ಟೇಜ್ ಏರಿಸುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ದುಬಾರಿ ಎಂಬ ಅಳುಕು ಬೇಡ. 100 ಲೀಟರ್ ಅನಿಲಕ್ಕೆ ವ್ಯಯವಾಗುವ ನೀರು ಸುಮಾರು 50 ಮಿಲಿಲೀಟರ್! ಫಲಕಗಳಿಗೆ ನಿಕ್ಕಲ್ ಲೇಪಿಸಿದ ಸಾಮಾನ್ಯ ಉಕ್ಕು ಕ್ಷಾರದಲ್ಲಿ ಚೆನ್ನಾಗಿ ಬಾಳುತ್ತದೆ. ಆದರೆ ಅಲ್ಯೂಮಿನಿಯಂ ಅಥವಾ ಸತು ಲೇಪಿತ ಬಿಡಿಭಾಗಗಳನ್ನು ಕ್ಷಾರ ಕರಗಿಸಿಬಿಡುತ್ತದೆ.

ಕೈ ಬಿಗಿ ಹಿಡಿಯಬಾರದ ಜಾಗ ಸುರಕ್ಷತೆ. ಗಾಳಿಯಲ್ಲಿ ಜಲಜನಕವು ಶೇ. 4ರಿಂದ 75ರವರೆಗೆ ಬೆರೆತಿದ್ದಾಗಲೂ ಹೊತ್ತಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಕಿಡಿಯೂ ಸಾಕು. ಆಮ್ಲಜನಕ ಜೊತೆಗಿರುವ ಮಿಶ್ರ ಅನಿಲವಂತೂ ಇನ್ನೂ ಅಪಾಯಕಾರಿ. ಜ್ವಾಲೆ ಹಿಂದಕ್ಕೆ ನುಗ್ಗದಂತೆ ತಡೆಯುವ ನೀರಿನ ಬಲೆ ಹಾಗೂ ಜ್ವಾಲಾರೋಧಕ, ಒತ್ತಡ ಏರಿದಾಗ ವಿದ್ಯುತ್ ಕಡಿಯುವ ಸ್ವಿಚ್, ಮೇಲ್ಭಾಗದಲ್ಲಿ ತೆರೆದ ಗವಾಕ್ಷಿ, ಇವುಗಳಲ್ಲಿ ಒಂದನ್ನೂ ಕೈಬಿಡುವಂತಿಲ್ಲ. ಮಿಶ್ರ ಅನಿಲವನ್ನು ಟ್ಯಾಂಕಿನಲ್ಲಾಗಲಿ ಸಿಲಿಂಡರಿನಲ್ಲಾಗಲಿ ಸಂಗ್ರಹಿಸಲೇಬಾರದು. ಉತ್ಪಾದನೆಯಾದಷ್ಟನ್ನು ಆಗಲೇ ಉರಿಸಬೇಕು. ಈ ಎಲ್ಲ ಭಾಗಗಳನ್ನು ಅನುಭವಿ ಇಂಜಿನಿಯರ್ ಒಬ್ಬರು ಪರೀಕ್ಷಿಸಿದ ಮೇಲೆಯೇ ಘಟಕವನ್ನು ಚಾಲೂ ಮಾಡುವುದು ಲೇಸು.

ಬಾಯ್ಲರ್ ಅಥವಾ ಜನರೇಟರಿಗೆ ಈ ಅನಿಲ ಲಾಭದಾಯಕವೇ? ಒಂದು ಕಿಲೋ ಜಲಜನಕಕ್ಕೆ ಸುಮಾರು 53 ಯೂನಿಟ್ ಸುರಿದರೆ, ಉರಿಸಿದಾಗ ದೊರಕುವ ಉಪಯುಕ್ತ ಶಾಖ ಸುಮಾರು 33 ಯೂನಿಟ್. ಅಷ್ಟು ವಿದ್ಯುತ್ತನ್ನು ನೇರವಾಗಿ ಹೀಟರಿಗೆ ಕೊಡುವುದೇ ಮೇಲು. ವಾಹನಗಳಿಗೆ ಜೋಡಿಸುವ ಕಿಟ್‌ಗಳ ಲೆಕ್ಕವೂ ಇಷ್ಟೇ, ಏಕೆಂದರೆ ಅವುಗಳಿಗೆ ವಿದ್ಯುತ್ ಬರುವುದು ಅದೇ ಇಂಜಿನ್‌ನ ಇಂಧನದಿಂದ. 1960ರ ದಶಕದಲ್ಲಿ ಪಂಜಾಬಿನ ನಂಗಲ್ ರಸಗೊಬ್ಬರ ಕಾರ್ಖಾನೆ ವಿದ್ಯುದ್ವಿಭಜನೆಯಿಂದಲೇ ಜಲಜನಕ ಪಡೆಯುತ್ತಿತ್ತು. ಅದರ ಬೆನ್ನಿಗೆ ಭಾಕ್ರಾ ಅಣೆಕಟ್ಟಿನ ಅಗ್ಗದ ವಿದ್ಯುತ್ ಇತ್ತು.

ಘಟಕ ನಿರ್ಮಿಸಿದವರು ಅದಕ್ಕೊಂದು ಪ್ರತ್ಯೇಕ ಮೀಟರ್ ಅಳವಡಿಸಿ, ತುಂಬಿದ ನೀರಿನ ಲೆಕ್ಕವನ್ನೂ ಇಡಬೇಕು. ವ್ಯಯವಾದ ಪ್ರತಿ ಲೀಟರ್ ನೀರಿಗೆ 6ರಿಂದ 8 ಯೂನಿಟ್ ಓಡಿದ್ದರೆ ಘಟಕ ಸರಿಯಾಗಿದೆ. 15 ದಾಟಿದರೆ ಕೋಶಗಳ ಜೋಡಣೆಯನ್ನೂ ಫಲಕಗಳ ಸ್ಥಿತಿಯನ್ನೂ ಮತ್ತೆ ಪರಿಶೀಲಿಸಬೇಕಾಗುತ್ತದೆ.